ನಡುವೆ ಯಾರೂ ಇಲ್ಲ ಎನ್ನುವ ವ್ಯಾಪಾರ

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಿನ ಹಳ್ಳಿಗಳಿಗೆ ಹೊಲ ಕೇಳಿಕೊಂಡು ಬರುವವರು ಮೊದಲು ಆಡುವ ಮಾತು ಒಂದಿದೆ. "ನಡುವ ಯಾರೂ ಇಲ್ರಿ ಕಾಕಾ, ನಾವು ಡೈರೆಕ್ಟ್ ಮಾಲಕರ ಹತ್ರಾನೇ ಬರ್ತೀವಿ. ರೊಕ್ಕ ಸೀದಾ ನಿಮ್ಮ ಕೈಗೆ." ಅಡತಿ ಅಂಗಡಿಯಲ್ಲಿ, ಜಾನುವಾರು ಸಂತೆಯಲ್ಲಿ, ಬೀಜ ಗೊಬ್ಬರದ ಲೆಕ್ಕದಲ್ಲಿ ದಲಾಲರ ಕೈಗೆ ಸಿಕ್ಕು ಬಸವಳಿದ ರೈತನಿಗೆ ಇದಕ್ಕಿಂತ ಹಿತವಾದ ಮಾತಿಲ್ಲ. ಆದರೆ ಹೀಗೆ ಬಂದು ಕೂಡುವವರಲ್ಲಿ ಅನೇಕರು ಹೊಲ ಕೊಳ್ಳಲು ಬಂದವರಲ್ಲ. ಮಾಲೀಕನಿಂದ ಸಗಟು ದರಕ್ಕೆ ಮಾತು ಮುಗಿಸಿ, ಬಯಾನಾ ಕೊಟ್ಟು, ಅಗ್ರಿಮೆಂಟ್ ಬರೆಸಿಕೊಂಡು, ರಿಜಿಸ್ಟ್ರಿಗೆ ಮುಂಚೆಯೇ ಅದನ್ನು ಹೈದರಾಬಾದಿನ ಪಾರ್ಟಿಗೋ ವೆಂಚರ್ ಹಾಕುವವರಿಗೋ ದಾಟಿಸುವುದು ಅವರ ಕಸುಬು. ನಡುವೆ ಯಾರೂ ಇಲ್ಲ ಎಂದು ಹೇಳುವವನೇ ನಡುವಿನವನು.

ಇದರ ಲೆಕ್ಕ ಸರಳ. ನಾಲ್ಕು ಎಕರೆಯ ಒಂದು ತುಂಡು ಹೊಲ ಎಂದಿಟ್ಟುಕೊಳ್ಳಿ. ಎಕರೆಗೆ 18 ಲಕ್ಷದಂತೆ 72 ಲಕ್ಷಕ್ಕೆ ಮಾತಾಗುತ್ತದೆ. 5 ಲಕ್ಷ ಬಯಾನಾ, ಬಾಕಿಗೆ ಆರು ತಿಂಗಳ ವಾಯಿದೆ. ಅಷ್ಟರೊಳಗೆ ಎಕರೆಗೆ 25 ಲಕ್ಷ ಕೊಡುವ ಪಾರ್ಟಿ ಸಿಕ್ಕರೆ ಹೊಲದ ಬೆಲೆ ಒಂದು ಕೋಟಿ. ನಡುವಿನ 28 ಲಕ್ಷ, ಹೊಲವನ್ನು ಒಂದು ದಿನಕ್ಕೂ ತನ್ನ ಹೆಸರಿಗೆ ಮಾಡಿಕೊಳ್ಳದವನ ಪಾಲು. ಹೆಸರಿಗೆ ಮಾಡಿಕೊಂಡಿದ್ದರೆ ತೆಲಂಗಾಣದಲ್ಲಿ ಸ್ಟ್ಯಾಂಪು, ವರ್ಗಾವಣೆ, ನೋಂದಣಿ ಶುಲ್ಕ ಎಲ್ಲ ಸೇರಿ ಶೇಕಡಾ 7.5 ಕಟ್ಟಬೇಕಿತ್ತು, ಕಾಗದವನ್ನೇ ಕೈಬದಲಿಸಿದ್ದರಿಂದ ಅದೂ ಉಳಿಯಿತು. ಪಾರ್ಟಿ ಸಿಗದಿದ್ದರೆ ಹೋಗುವುದು ಬಯಾನಾ ಮಾತ್ರ. ಎಷ್ಟೋ ಸಲ ಅದನ್ನೂ "ನಿಮ್ಮ ಕಾಗದ ಸರಿ ಇಲ್ಲ" ಎಂದು ಹೇಳಿ ವಾಪಸು ಕೇಳುವುದುಂಟು.

ಆದರೂ ಈ ಪದ್ಧತಿಯನ್ನು ಮೋಸ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಈ ಭಾಗದಲ್ಲಿ ಹೊಲ ಮಾರುವುದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲವರಿಗೆ, ಅದನ್ನು ಮಾರುವಂತೆ ಮಾಡುವವನ ಶ್ರಮವೂ ಕಾಣಬೇಕು. ಪಟ್ಟಾ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಬದುವು ಹಾಕಿರುತ್ತಾರೆ, ದಾಖಲೆಯಲ್ಲಿ ಒಂದೇ ಸರ್ವೆ ನಂಬರು. ಇಪ್ಪತ್ತು ವರ್ಷದ ಹಿಂದೆ ಬಿಳಿ ಕಾಗದದ ಮೇಲೆ ಬರೆಸಿಕೊಂಡು ಕೊಂಡ ಹೊಲ ಇವತ್ತಿಗೂ ಮಾರಿದವನ ಹೆಸರಿನಲ್ಲೇ ನಡೆದಿರುತ್ತದೆ. ಇಂಥ ಸಾದಾ ಬೈನಾಮಾಗಳನ್ನು ಸಕ್ರಮ ಮಾಡಲು ತೆಲಂಗಾಣ ಸರ್ಕಾರ 2020ರಲ್ಲಿ ಅರ್ಜಿ ಕರೆದಾಗ ರಾಜ್ಯದಾದ್ಯಂತ ಬಂದ ಅರ್ಜಿಗಳು ಸುಮಾರು 9 ಲಕ್ಷ. ಅದೇ ವರ್ಷ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೇ ರದ್ದು ಮಾಡಿ, ಅಕ್ಟೋಬರ್ 29ಕ್ಕೆ ಭೂದಾಖಲೆಗಳ ಧರಣಿ ಪೋರ್ಟಲ್ ತಂದರು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ, ಹತ್ತು ಗುಂಟೆ ಕಡಿಮೆ ಬಿದ್ದಿದ್ದರೂ, ಪಟ್ಟಾ ಹೊಲ ನಿಷೇಧಿತ ಪಟ್ಟಿಗೆ ಸೇರಿಹೋಗಿದ್ದರೂ ಊರಲ್ಲಿ ಕೇಳುವವರೇ ಇಲ್ಲದಂತಾಯಿತು. ತಹಸೀಲಿನಿಂದ ಕಲೆಕ್ಟರ್ ಕಚೇರಿಯ ತನಕ ಅಲೆದಾಟ. 2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ಭೂ ಭಾರತಿ ಬಂದಿದೆ, ತಿದ್ದುಪಡಿಗೆ ಮತ್ತು ಮೇಲ್ಮನವಿಗೆ ದಾರಿ ಮಾಡಿಕೊಟ್ಟಿದೆ. ಆದರೆ ಅರ್ಜಿ ಬರೆಯುವುದು, ವಾರಸು ಪ್ರಮಾಣಪತ್ರ ತರುವುದು, ಸರ್ವೇಯರನನ್ನು ಹೊಲಕ್ಕೆ ಕರೆತರುವುದು, ಪುಣೆಯಲ್ಲಿರುವ ತಮ್ಮನಿಂದ ಸಹಿ ತರಿಸುವುದು ಇವೆಲ್ಲ ಈಗಲೂ ಯಾರೋ ಒಬ್ಬರು ಓಡಾಡಿ ಮಾಡಬೇಕಾದ ಕೆಲಸಗಳೇ.

ಆ ಓಡಾಟ ಮಾಡುವವನಿದ್ದಾನೆ. ಆರು ತಿಂಗಳು ಕಚೇರಿ ಬಾಗಿಲು ಕಾಯ್ದು, ಮಾರಲಾಗದ ಹೊಲವನ್ನು ಮಾರುವಂತೆ ಮಾಡಿ, ಅದರಲ್ಲಿ ತಾನೂ ಎರಡು ಕಾಸು ಉಳಿಸಿಕೊಂಡರೆ ಅದು ದುಡಿಮೆಯ ಫಲ. ಕಾಗದ ತಿದ್ದಿಸಿದ್ದಕ್ಕೆ ಬಂದ ಲಾಭದ ಮೇಲೆ ನನಗೆ ತಕರಾರಿಲ್ಲ. ನನ್ನ ತಕರಾರು, ಮಾಲೀಕನಿಗೆ ತಿಳಿಯಬಾರದು ಎಂಬ ಒಂದೇ ಕಾರಣದಿಂದ ಹುಟ್ಟುವ ಲಾಭದ ಮೇಲೆ. ಈ ವ್ಯಾಪಾರದಲ್ಲಿ ಎರಡೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿರುತ್ತವೆ. ಅವನ್ನು ಬಿಡಿಸಿ ನೋಡುವುದೇ ಇಲ್ಲಿ ವಿಮರ್ಶೆಯ ಕೆಲಸ.

ಮಾಲೀಕರನ್ನು ಹುಡುಕುವ ಬಗೆಯಿಂದಲೇ ಶುರು ಮಾಡಬಹುದು. ಹಿಂದೆ ಊರ ಚಾವಡಿಯಲ್ಲಿ ಕೂತು ಕೇಳಬೇಕಿತ್ತು. ಈಗ ಜಿಲ್ಲೆ, ಮಂಡಲ, ಗ್ರಾಮ, ಸರ್ವೆ ನಂಬರು ಒತ್ತಿದರೆ ಪಟ್ಟಾದಾರನ ಹೆಸರು, ವಿಸ್ತೀರ್ಣ ಪರದೆಯ ಮೇಲೆ ಬರುತ್ತವೆ. ಗಡಿಯ ಈಚೆ, ಕರ್ನಾಟಕದ ಬೀದರ, ಕಲಬುರಗಿ ಕಡೆಯ ಪಹಣಿ ಇನ್ನೂ ಬಿಚ್ಚು ಮಾತಿನದು. ಅದರ 11ನೆಯ ಕಾಲಮ್ಮಿನಲ್ಲಿ ಹೊಲದ ಮೇಲಿನ ಬ್ಯಾಂಕಿನ ಸಾಲವೂ ಬರೆದಿರುತ್ತದೆ. ದಾಖಲೆ ಎಲ್ಲರಿಗೂ ಕಾಣುವಂತಿರಬೇಕು ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ವ್ಯವಸ್ಥೆ ಇದು. ಅದನ್ನು ಓದಬಲ್ಲವನಿಗೆ ಇದೇ ಕಷ್ಟದಲ್ಲಿರುವವರ ಯಾದಿ. ಸಾಲ ಏರಿದ ಹೊಲ ಯಾವುದು, ಪಟ್ಟಾದಾರ ತೀರಿಕೊಂಡ ಮನೆ ಯಾವುದು, ಊರು ಬಿಟ್ಟು ಹೈದರಾಬಾದಿಗೋ ಮುಂಬಯಿಗೋ ಹೋದವರ ಬೀಳು ಹೊಲ ಯಾವುದು ಎಂದು ಆರಿಸಿ ಫೋನು ಹಚ್ಚುತ್ತಾರೆ. ಅಮೆರಿಕದಲ್ಲಿ ಈ ಕಸುಬು ಕಲಿಸುವವರು ಹೇಳಿಕೊಡುವುದೂ ಇದನ್ನೇ: ತೆರಿಗೆ ಬಾಕಿ ಇರುವವರು, ವಿಚ್ಛೇದನವಾದವರು, ತಂದೆತಾಯಿ ಸತ್ತು ಮನೆ ಕೈಗೆ ಬಂದವರು, ದೂರದೂರಿನಲ್ಲಿ ಇರುವವರು, ಇವರಿಗೆ ಮೊದಲು ಪತ್ರ ಬರೆಯಿರಿ ಎಂದು. ಹೊಲ ಮಾರುವ ಮನಸ್ಸಿರುವವನನ್ನು ಹುಡುಕುವುದಕ್ಕೂ, ಮಾರದೆ ಗತಿಯಿಲ್ಲದವನನ್ನು ಹುಡುಕುವುದಕ್ಕೂ ಬಹಳ ಅಂತರವಿದೆ. ಈ ಪದ್ಧತಿ ಎರಡನೆಯವನನ್ನೇ ಬಯಸುತ್ತದೆ.

ಈ ಮೂರು ಊರುಗಳಲ್ಲಿ ಅದಕ್ಕೆ ಗಡಿಯ ಇತಿಹಾಸವೂ ಕೂಡಿಕೊಂಡಿದೆ. 1956ರ ನವೆಂಬರ್ 1ರ ತನಕ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯವು, ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲೂಕನ್ನು, ಬೀದರ ತಾಲೂಕಿನ ನ್ಯಾಲಕಲ್ ವೃತ್ತವನ್ನು, ನಾರಾಯಣಖೇಡ ಮತ್ತು ತಾಂಡೂರು ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಗೆರೆ ಎಳೆದರು, ಬೀಗತನ ನಿಲ್ಲಲಿಲ್ಲ. ಇವತ್ತಿಗೂ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರ ಕಡೆಯ ಒಕ್ಕಲು ಹರಕೆ ಹೊತ್ತು ಹೋಗುತ್ತದೆ. ನ್ಯಾಲಕಲ್ ಕಡೆಯ ಹೆಣ್ಣುಮಕ್ಕಳನ್ನು ಹುಮನಾಬಾದ, ಚಿಟಗುಪ್ಪಾ ಕಡೆಗೆ ಕೊಡುತ್ತಾರೆ. ಹೊಲ ಆ ಕಡೆ, ವಾರಸುದಾರರು ಈ ಕಡೆ. ಹೊಲದ ಕಾಗದ ತೆಲುಗಿನಲ್ಲಿ, ನಿಜಾಮರ ಕಾಲದ ಹಳೆಯ ದಾಖಲೆ ಉರ್ದುವಿನಲ್ಲಿ, ಮನೆಯ ಮಾತು ಕನ್ನಡ. ಆಂಧ್ರಪ್ರದೇಶ 1980ರ ದಶಕದಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು, ಕರ್ನಾಟಕ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಅದು ಬಂತು. ಹಕ್ಕು ಬಂದ ಸುದ್ದಿ ಆ ಹೆಣ್ಣುಮಗಳಿಗೆ ತಲುಪುವುದು ಎಷ್ಟೋ ಸಲ ಹಕ್ಕು ಬಿಡುವ ಪತ್ರಕ್ಕೆ ಸಹಿ ಕೇಳಲು ಕಾರು ಬಂದು ನಿಂತಾಗ. ಸೀರೆ, ಕುಪ್ಪಸ, ಐವತ್ತು ಸಾವಿರ ರೊಕ್ಕ. ಹೊಲದ ಬೆಲೆ ಎಷ್ಟಾಯಿತು ಎಂದು ಆಕೆಗೆ ಯಾರೂ ಹೇಳುವುದಿಲ್ಲ. "ಮಾಲಕರ ಹತ್ರಾನೇ ಬರ್ತೀವಿ" ಎಂಬವರು ಮಾಲೀಕಳ ಹತ್ತಿರ ಕೊನೆಗೆ ಬರುತ್ತಾರೆ, ಅದೂ ಸಹಿಗೆ ಮಾತ್ರ.

ಈ ವ್ಯಾಪಾರಕ್ಕೆ ಒಂದು ಕೃತಿ ಅಂತಿದ್ದರೆ ಅದು ಅಗ್ರಿಮೆಂಟ್. ನೂರು ರೂಪಾಯಿಯ ಸ್ಟ್ಯಾಂಪ್ ಪೇಪರಿನ ಮೇಲೆ ಟೈಪು ಮಾಡಿಸಿ, ಇಬ್ಬರು ಸಾಕ್ಷಿ ಹಾಕಿಸಿ, ನೋಟರಿಯ ಮೊಹರು ಒತ್ತಿಸಿದ ಎರಡು ಮೂರು ಹಾಳೆ. ಕವಿತೆಯನ್ನು ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕು; ಅದರ ಜೀವ ಇರುವುದು ಸಣ್ಣ ಮಾತುಗಳಲ್ಲಿ.

ಚೆಕ್ಕುಬಂದಿ, ವಿಸ್ತೀರ್ಣ, ದರ ಇವೆಲ್ಲ ಎದ್ದು ಕಾಣುವ ಸಾಲುಗಳು, ಮಾಲೀಕ ಕೇಳಿಸಿಕೊಳ್ಳುವುದೂ ಇವನ್ನೇ. ಖರೀದಿದಾರನ ಹೆಸರಿನ ಬಳಿಕ ಬರುವ ಸಾಲು ನೋಡಿ: "ಅಥವಾ ಅವರು ಸೂಚಿಸಿದವರ ಹೆಸರಿಗೆ ರಿಜಿಸ್ಟ್ರಿ ಮಾಡಿಕೊಡತಕ್ಕದ್ದು." ಇಡೀ ಸಗಟು ವ್ಯಾಪಾರ ನಿಂತಿರುವುದು ಈ ಒಂದು ಸಾಲಿನ ಮೇಲೆ. ಎದುರಿಗೆ ಕೂತವನು ಕೊಳ್ಳುವವನಲ್ಲ ಎಂಬ ಸತ್ಯ ಕಾಗದದಲ್ಲಿ ಇದೆ, ಮಾತಿನಲ್ಲಿ ಇಲ್ಲ. ಮಾಲೀಕ ಇದನ್ನು ಕೇಳಿದರೂ, ಹೆಂಡತಿಯ ಹೆಸರಿಗೋ ಮಗನ ಹೆಸರಿಗೋ ಮಾಡಿಸಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಾಗುತ್ತಾನೆ.

ಇನ್ನು ವಾಯಿದೆ. ಆರು ತಿಂಗಳು ಎಂದು ಬಾಯಲ್ಲಿ ಹೇಳಿರುತ್ತಾರೆ. ಕಾಗದದಲ್ಲಿ "ಸರ್ವೆಯಾಗಿ ಹದ್ದುಬಸ್ತು ಆದ ತಾರೀಖಿನಿಂದ" ಎಂದಿರುತ್ತದೆ. ಸರ್ವೆಗೆ ಅರ್ಜಿ ಹಾಕುವವನು ಯಾರು? ಅವನೇ. ಹಾಕದಿದ್ದರೆ ವಾಯಿದೆ ಶುರುವೇ ಆಗುವುದಿಲ್ಲ. ಆ ನಡುವೆ ಮಗಳ ಮದುವೆ ಬರಲಿ, ದವಾಖಾನೆಯ ಖರ್ಚು ಬರಲಿ, ಪಕ್ಕದ ಹೊಲ ದುಪ್ಪಟ್ಟು ದರಕ್ಕೆ ಹೋಗಲಿ, ಹೊಲದವನು ಇನ್ನೊಬ್ಬರಿಗೆ ಮಾರುವಂತಿಲ್ಲ. ಮಾಲೀಕ ಮಾತು ತಪ್ಪಿದರೆ ಬಯಾನಾದ ಎರಡರಷ್ಟು ಕೊಡಬೇಕು ಎಂಬ ಸಾಲು ಇರುತ್ತದೆ. ಖರೀದಿದಾರ ತಪ್ಪಿದರೆ ಏನು ಎಂಬಲ್ಲಿ ಕಾಗದ ಮೌನ, ಇಲ್ಲವೆ "ಕಾಗದಪತ್ರ ಸಮರ್ಪಕವಾಗಿಲ್ಲದಿದ್ದಲ್ಲಿ" ಎಂಬ ದೊಡ್ಡ ಬಾಗಿಲು. ಸಮರ್ಪಕ ಹೌದೋ ಅಲ್ಲವೋ ತೀರ್ಮಾನಿಸುವವನೂ ಅವನೇ.

ಬಯಾನಾ ನಗದಿನಲ್ಲಿ ಕೈಗೆ ಬರುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ತೆಗೆದುಕೊಳ್ಳಬಾರದು ಎಂದು ಆದಾಯ ತೆರಿಗೆ ಕಾನೂನು 2015ರಿಂದ ಹೇಳುತ್ತಿದೆ. ದಂಡ ಬೀಳುವುದು ಕೊಟ್ಟವನಿಗಲ್ಲ, ತೆಗೆದುಕೊಂಡವನಿಗೆ, ಮತ್ತು ತೆಗೆದುಕೊಂಡಷ್ಟೇ ಮೊತ್ತದ ದಂಡ. ಹೊಲದ ವ್ಯಾಪಾರದಲ್ಲಿ ಕೃಷಿ ಆದಾಯವಷ್ಟೇ ಇರುವ ಇಬ್ಬರು ರೈತರ ನಡುವೆ ಈ ಕಟ್ಟು ಬರುವುದಿಲ್ಲ. ಪಟ್ಟಣದ ವ್ಯಾಪಾರಿ ನೋಟಿನ ಕಟ್ಟು ಎಣಿಸಿಕೊಟ್ಟಾಗ ಬರುತ್ತದೆ. ಇದನ್ನು ಹೇಳಿಕೊಡುವ ಏಜೆಂಟನನ್ನು ಈ ಭಾಗದಲ್ಲಿ ನಾನು ಕಂಡಿಲ್ಲ.

ಕಾನೂನು ಮಾಲೀಕನ ಪರವಾಗಿ ಏನನ್ನೂ ಹೇಳಿಲ್ಲವೇ? ಹೇಳಿದೆ, ಅದೂ 1882ರಲ್ಲೇ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ ಮಾರಾಟದ ಕರಾರು ಮಾತ್ರದಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಗ್ರಿಮೆಂಟ್, ಜಿಪಿಎ ಎಂಬ ಅಧಿಕಾರಪತ್ರಗಳ ಮೇಲೆ ಆಸ್ತಿ ಕೈಬದಲಾಗುವುದಿಲ್ಲ ಎಂದು ಇದನ್ನೇ ಒತ್ತಿ ಹೇಳಿತು. ಅದೇ ಹಳೆಯ ಕಾಯ್ದೆಯ 55ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ, ವಕೀಲರೂ ಅಪರೂಪಕ್ಕೆ ಎತ್ತುವ ಮಾತು. ಮಾರುವವನ ಹಕ್ಕಿನ ಸ್ವರೂಪ, ವ್ಯಾಪ್ತಿಯ ಬಗ್ಗೆ ಅವನಿಗೇ ಗೊತ್ತಿಲ್ಲದ, ಗೊತ್ತಾದರೆ ಆ ಹಕ್ಕಿನ ಬೆಲೆ ಏರುವಂಥ ಸಂಗತಿ ಕೊಳ್ಳುವವನಿಗೆ ತಿಳಿದಿದ್ದರೆ ಅವನು ಅದನ್ನು ಹೇಳಲೇಬೇಕು, ಮುಚ್ಚಿಟ್ಟರೆ ವಂಚನೆ. ನೂರನಲವತ್ತು ವರ್ಷದ ಹಿಂದೆ ಬರೆದ ಈ ಸಾಲು ಈ ವ್ಯಾಪಾರದ ಮರ್ಮಕ್ಕೇ ಮುಟ್ಟುತ್ತದೆ. ದಾಖಲೆಯಲ್ಲಿ ಮೂರು ಎಕರೆ ಎಂದಿದ್ದು ಅಳತೆಯಲ್ಲಿ ಮೂರೂವರೆ ಬರುತ್ತದೆಂದು ಗೊತ್ತಿದ್ದೂ ಮೂರಕ್ಕೆ ಮಾತು ಮುಗಿಸಿದವನು ಇದರೊಳಗೆ ಬರುತ್ತಾನೆ. ಆದರೆ ಹೊಲದ ಪಕ್ಕ ಹೆದ್ದಾರಿ ಬರಲಿದೆ, ಮುಂದಿನ ಪಾರ್ಟಿ ಎಕರೆಗೆ ಏಳು ಲಕ್ಷ ಹೆಚ್ಚು ಕೊಡಲು ಒಪ್ಪಿದ್ದಾನೆ ಎಂಬಂಥ ಪೇಟೆಯ ಸುದ್ದಿ ಇದರ ಹೊರಗೆ ಉಳಿಯುತ್ತದೆ. ಲಾಭ ಇರುವುದು ಅಲ್ಲೇ.

2018ರ ನಂತರ ತಕ್ಕಡಿ ಇನ್ನೂ ಕೊಳ್ಳುವವನ ಕಡೆ ವಾಲಿದೆ. ಕರಾರನ್ನು ಕರಾರಿನಂತೆಯೇ ನೆರವೇರಿಸಿಕೊಡಿ ಎಂಬ ದಾವೆಯಲ್ಲಿ ಮೊದಲು ನ್ಯಾಯಾಧೀಶರಿಗೆ ವಿವೇಚನೆ ಇತ್ತು. ಬೆಲೆ ತೀರಾ ಅನ್ಯಾಯದ್ದು, ಮಾರುವವನಿಗೆ ಬಹಳ ತೊಂದರೆ ಎನಿಸಿದರೆ ಬಯಾನಾ ವಾಪಸು ಕೊಡಿಸಿ ಹೊಲ ಉಳಿಸಬಹುದಿತ್ತು. ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ದೊಡ್ಡ ಯೋಜನೆಗಳ ಗುತ್ತಿಗೆ ಕರಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಂದ ಬದಲಾವಣೆಯ ಭಾರ ಮನೂರು, ಕಂಗ್ಟಿ ಮಂಡಲದ ಎರಡೆಕರೆಯವನ ಹೆಗಲ ಮೇಲೂ ಬಿದ್ದಿದೆ. ದಾವೆ ಹೂಡಲು ಮೂರು ವರ್ಷದ ಅವಕಾಶ. ದಾವೆ ಬಿದ್ದ ಮೇಲೆ ಆ ಹೊಲವನ್ನು ಮುಟ್ಟುವವರು ಯಾರು? 5 ಲಕ್ಷದಲ್ಲಿ 72 ಲಕ್ಷದ ಹೊಲವನ್ನು ವರ್ಷಗಟ್ಟಲೆ ಕಟ್ಟಿಹಾಕಲು ಸಾಧ್ಯವಾಗಿರುವುದು ಹೀಗೆ.

ಮಾಲೀಕರ ಹತ್ತಿರ ನೇರವಾಗಿ ಹೋಗಿ ಒಪ್ಪಿಸಿ ಹೊಲ ಪಡೆಯುವ ಕೆಲಸವನ್ನು ಈ ಸೀಮೆಯಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಮಾಡಿದ್ದು ಯಾವ ಏಜೆಂಟನೂ ಅಲ್ಲ, ಸರ್ಕಾರವೇ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಸುಮಾರು 12,600 ಎಕರೆಯ ಕೈಗಾರಿಕಾ ವಲಯ, ಜನ ನಿಮ್ಜ್ ಎನ್ನುವ ಯೋಜನೆ, ಇಲ್ಲಿಗೆ ಬಂತು. 2013ರ ಭೂಸ್ವಾಧೀನ ಕಾಯ್ದೆಯ ದಾರಿ ಹಿಡಿದರೆ ಸಾಮಾಜಿಕ ಪರಿಣಾಮದ ಅಧ್ಯಯನ, ಪುನರ್ವಸತಿ ಎಲ್ಲ ಬೇಕು. ಅದನ್ನು ತಪ್ಪಿಸಿಕೊಂಡು ಹೋಗಲು ತೆಲಂಗಾಣ ಸರ್ಕಾರ 2015ರ ಜುಲೈ 30ರಂದು 123ನೆಯ ಸಂಖ್ಯೆಯ ಆದೇಶ ಹೊರಡಿಸಿತು: ಮಾಲೀಕರು ಸ್ವಂತ ಒಪ್ಪಿಗೆಯಿಂದ ಬಂದರೆ ನೇರವಾಗಿ ಕೊಳ್ಳುತ್ತೇವೆ. ಊರೂರಿಗೆ ಅಧಿಕಾರಿಗಳು ಹೋದರು, ಒಪ್ಪಿಗೆ ಪತ್ರ ಬರೆಸಿಕೊಂಡರು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ಪಟ್ಟಾದಾರರಲ್ಲ, ಇದೇ ಸೀಮೆಯ ಕೃಷಿ ಕೂಲಿಕಾರರು. ಹೊಲ ಮಾರಿದವನಿಗೆ ರೊಕ್ಕ ಬಂತು, ಆ ಹೊಲದಲ್ಲಿ ಕಳೆ ತೆಗೆದು, ಕೊಯ್ಲು ಮಾಡಿ ಬದುಕಿದ ನಮಗೆ ಏನು ಎಂಬುದು ಅವರ ಪ್ರಶ್ನೆ. 2016ರ ಆಗಸ್ಟ್ 3ರಂದು ಏಕಸದಸ್ಯ ಪೀಠ ಆ ಆದೇಶವನ್ನೇ ರದ್ದು ಮಾಡಿತು. ಸರ್ಕಾರ ಮೇಲ್ಮನವಿಗೆ ಹೋಯಿತು, ಆಮೇಲೆ ಕಾಯ್ದೆಗೇ ತಿದ್ದುಪಡಿ ತಂದು ಒಪ್ಪಿಗೆಯ ಖರೀದಿಗೆ ಜಾಗ ಮಾಡಿಕೊಂಡಿತು. ಆದರೆ ಆ ಕೂಲಿಕಾರರು ಎತ್ತಿದ ಪ್ರಶ್ನೆ ಈ ಪದ್ಧತಿಯ ಬುಡಕ್ಕೇ ಹಾಕಿದ ಪ್ರಶ್ನೆ. ಹೊಲ ಎಂದರೆ ಪಟ್ಟಾದಾರ ಒಬ್ಬನೇ ಎಂದು ಹಿಡಿದು ಮಾತಿಗೆ ಕೂಡುವುದು ಎಷ್ಟು ಸರಿ? 2013ರ ಕಾಯ್ದೆ ಮೂರು ವರ್ಷದಿಂದ ಆ ನೆಲದ ಮೇಲೆ ದುಡಿಯುತ್ತಿರುವ ಕೂಲಿಕಾರ, ಕೋರು ಮಾಡುವವನನ್ನೂ ಬಾಧಿತ ಕುಟುಂಬ ಎಂದು ಕರೆದಿತ್ತು. ಖಾಸಗಿ ಅಗ್ರಿಮೆಂಟಿನಲ್ಲಿ ಅವರಿಗೆ ಸಾಕ್ಷಿಯ ಜಾಗವೂ ಇಲ್ಲ.

2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ದೇಶದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದಿನ ಹೆಸರು ಸೇರಿಸಿದ ಮೇಲೆ ಹೆದ್ದಾರಿ 65ರ ಎರಡೂ ಬದಿಗೆ ಹೊಸ ಹುರುಪು ಬಂದಿದೆ. ನಾರಾಯಣಖೇಡದ ಕಥೆ ನೀರಿನದು. ಸಿಂಗೂರು ಜಲಾಶಯದ ನೀರನ್ನು ಎತ್ತಿ ಈ ಸೀಮೆಯ ಒಣ ನೆಲಕ್ಕೆ ಹರಿಸುವ ಬಸವೇಶ್ವರ, ಸಂಗಮೇಶ್ವರ ಏತ ನೀರಾವರಿಗೆ 2022ರ ಫೆಬ್ರವರಿ 21ರಂದು ಅಲ್ಲಿ ಅಡಿಗಲ್ಲು ಹಾಕಿದರು. ಜಹೀರಾಬಾದ್, ಅಂದೋಲ್, ನಾರಾಯಣಖೇಡ ಎಂದು ಹೆಸರು ಕೂಗಿದ್ದೇ ತಡ, ನೀರಿಗಿಂತ ಮುಂಚೆ ನೀರಿನ ಹೆಸರಲ್ಲಿ ದರ ಹರಿಯಿತು. ತಾಂಡೂರಿನಲ್ಲಿ ಬೆಲೆ ಇರುವುದು ಮಣ್ಣಿನಡಿ. ಶಹಾಬಾದಿನ ಕಲ್ಲಿನ ಅದೇ ಪಟ್ಟಿ ಗಡಿ ದಾಟಿ ಬಂದಲ್ಲಿ ತಾಂಡೂರು ಬಂಡೆ. ಹಾಸು ಹಾಸಾಗಿ ಎದ್ದು ಬರುವ ಸುಣ್ಣಕಲ್ಲು. ಮೇಲೆ ಬೆಳೆಯುವ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ಹೊಲ ಕೇಳಲು ಬಂದವನು ತೊಗರಿಯ ಇಳುವರಿ ಲೆಕ್ಕದಲ್ಲಿ ದರ ಮಾತಾಡಿ ಕಲ್ಲಿನ ಲೆಕ್ಕದಲ್ಲಿ ಮುಂದಕ್ಕೆ ದಾಟಿಸಿದರೆ, ಬಚ್ಚಿಟ್ಟದ್ದು ಹೊಲದ ಅರ್ಧ ಬೆಲೆಯನ್ನೇ.

ಎಲ್ಲಕ್ಕಿಂತ ಹೀನವಾದದ್ದು ಅಸೈನ್ಡ್ ಹೊಲಗಳ ವ್ಯವಹಾರ. ಭೂಮಿ ಇಲ್ಲದ ದಲಿತ ಕುಟುಂಬಗಳಿಗೆ ಸರ್ಕಾರ ಹಂಚಿದ ನೆಲವನ್ನು ಮಾರುವುದನ್ನೂ ಕೊಳ್ಳುವುದನ್ನೂ 1977ರ ಕಾಯ್ದೆ ನಿಷೇಧಿಸಿದೆ. ಕರ್ನಾಟಕದಲ್ಲಿ ಅದಕ್ಕೆ ಸಮನಾದದ್ದು 1978ರ ಪಿಟಿಸಿಎಲ್ ಕಾಯ್ದೆ. ಹೀಗಿದ್ದೂ "ಮುಂದೆ ಕಾನೂನು ಬದಲಾಗ್ತದ, ಈಗ ಬಯಾನಾ ಇಟ್ಕೋರಿ" ಎಂದು ಪುಡಿಗಾಸಿಗೆ ಕಾಗದ ಬರೆಸಿಕೊಳ್ಳುತ್ತಾರೆ. ಕಾನೂನಿನ ಕಣ್ಣಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. ಆದರೆ ಸ್ವಾಧೀನ ಹೋಗಿರುತ್ತದೆ, ನೆಲ ಪಡಾ ಬಿದ್ದಿರುತ್ತದೆ, ಮಾರಿದ್ದಕ್ಕೆ ಸರ್ಕಾರ ಅದನ್ನು ವಾಪಸು ತೆಗೆದುಕೊಳ್ಳುವ ಭಯ ಮನೆಯವರನ್ನು ಬಾಯಿ ಮುಚ್ಚಿಸಿರುತ್ತದೆ.

ಇದೇ ನೆಲದಲ್ಲಿ ಮಾಲೀಕರ ಬಾಗಿಲಿಗೆ ಬೇರೆ ರೀತಿಯಲ್ಲಿ ಹೋದವರೂ ಇದ್ದಾರೆ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು, ಹೆಚ್ಚಿನವರು ದಲಿತರು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರು ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್; 2023ರ ಮಾರ್ಚಿನಲ್ಲಿ ತೀರಿಕೊಂಡರು. ಸರ್ಕಾರ ಕೊಟ್ಟ ಕಲ್ಲು ನೆಲವನ್ನು ಈ ಹೆಂಗಸರು ಹಸನು ಮಾಡಿದರು, ಗುಂಪಾಗಿ ಹೊಲದವರ ಹತ್ತಿರ ಹೋಗಿ ಹೊಲಗಳನ್ನು ಗುತ್ತಿಗೆಗೆ ಹಿಡಿದು ಜೋಳ, ನವಣೆ, ಸಾವೆ ಬೆಳೆದರು. ಅಲ್ಲೂ ಬೀಳು ಹೊಲ ಹುಡುಕುವುದಿತ್ತು, ಅಲ್ಲೂ ದರದ ಚೌಕಾಸಿ ಇತ್ತು. ಆದರೆ ಕೇಳಲು ಹೋದವರು ಯಾರು, ಯಾತಕ್ಕೆ ಕೇಳುತ್ತಿದ್ದಾರೆ, ಬೆಳೆದದ್ದನ್ನು ಯಾರು ಉಣ್ಣುತ್ತಾರೆ ಎಂಬುದು ಹೊಲದವನಿಗೆ ಗೊತ್ತಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಹೊಲ ಮಾರುವುದಕ್ಕಿಂತ ಗುತ್ತಿಗೆಗೆ ಕೊಡುವುದೇ ಲೇಸು ಎಂದು ಎಲ್ಲರಿಗೂ ಹೇಳಲಾಗದು, ಮಗನ ಓದಿಗೋ ಆಸ್ಪತ್ರೆಗೋ ಮಾರಲೇಬೇಕಾದವರು ಇದ್ದೇ ಇರುತ್ತಾರೆ. ಮಾರುವವನಿಗೆ ಎದುರಿನವನು ಯಾರೆಂದು ಗೊತ್ತಿರಬೇಕು, ಅಷ್ಟೇ.

ಆ ದೃಷ್ಟಿಯಿಂದ ನೋಡಿದರೆ, ನಾವು ಬೈಯುತ್ತ ಬಂದ ಹಳೆಯ ದಲಾಲನೇ ಈ ಹೊಸ "ಡೈರೆಕ್ಟ್" ಪದ್ಧತಿಗಿಂತ ಮೇಲು ಎಂದು ನನ್ನ ಅಭಿಪ್ರಾಯ. ಅವನು ಕೊಳ್ಳುವವನನ್ನೂ ಮಾರುವವನನ್ನೂ ಒಂದೇ ಜಮಖಾನದ ಮೇಲೆ ಕೂರಿಸುತ್ತಾನೆ. ದರ ಇಬ್ಬರ ಎದುರಿಗೆ ಮುಗಿಯುತ್ತದೆ. ಶೇಕಡಾ ಒಂದೋ ಎರಡೋ ಎರಡೂ ಕಡೆಯಿಂದ ಕೇಳಿ ತೆಗೆದುಕೊಳ್ಳುತ್ತಾನೆ. ಅವನ ಪಾಲು ಎಷ್ಟು ಎಂದು ಊರಿಗೇ ಗೊತ್ತು. ಸಗಟು ಹಿಡಿಯುವವನ ಪಾಲು ಅವನೊಬ್ಬನಿಗೇ ಗೊತ್ತು.

ಈ ಸಗಟು ವ್ಯಾಪಾರವನ್ನು ನಿಷೇಧಿಸಬೇಕಿಲ್ಲ, ಬೆಳಕಿಗೆ ತಂದರೆ ಸಾಕು. ಅಮೆರಿಕದ ಇಲಿನಾಯ್ ರಾಜ್ಯ 2019ರಲ್ಲಿ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಇಂಥ ವ್ಯವಹಾರ ಮಾಡುವವರು ಲೈಸೆನ್ಸ್ ಪಡೆಯಬೇಕೆಂದಿತು. ಪೆನ್ಸಿಲ್ವೇನಿಯಾದ 2024ರ ಕಾನೂನು ಇನ್ನೂ ಮುಂದೆ ಹೋಗಿ, ಸಹಿ ಹಾಕಿದ ಮನೆಯವನಿಗೆ 30 ದಿನದೊಳಗೆ ದಂಡವಿಲ್ಲದೆ ಹಿಂದೆ ಸರಿಯುವ ಹಕ್ಕು ಕೊಟ್ಟಿತು. ನಮ್ಮಲ್ಲಿ ರೇರಾ ಕಾಯ್ದೆ ಏಜೆಂಟರ ನೋಂದಣಿ ಕೇಳುತ್ತದೆ, ಆದರೆ ಅದು ಯೋಜನೆಗಳ ಪ್ಲಾಟು, ಫ್ಲ್ಯಾಟುಗಳಿಗೆ. ಇನ್ನೂ ಹೊಲವಾಗಿಯೇ ಇರುವ ಹೊಲದ ವ್ಯಾಪಾರ ಅದರ ಕಣ್ಣಿಗೆ ಬೀಳುವುದಿಲ್ಲ. ಮಾರಾಟದ ಕರಾರನ್ನೂ ನೋಂದಾಯಿಸಬೇಕೆಂದು ಆಂಧ್ರಪ್ರದೇಶ 1999ರಲ್ಲೇ ನೋಂದಣಿ ಕಾಯ್ದೆಗೆ ತಿದ್ದುಪಡಿ ತಂದಿತ್ತು, ತೆಲಂಗಾಣ ಅದರ ವಾರಸುದಾರ. ಕಾಯ್ದೆ ಪುಸ್ತಕದಲ್ಲಿದೆ, ಅಗ್ರಿಮೆಂಟು ನೋಟರಿಯ ಮೇಜಿನ ಮೇಲೇ ಮುಗಿಯುತ್ತದೆ. ನೋಂದಣಿಯಾಗದ ಕರಾರನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಒಡ್ಡಲು ಇರುವ ಸಡಿಲಿಕೆಯೇ ಇದಕ್ಕೆ ದಾರಿ. ಕರಾರು ಮೂರನೆಯವನ ಕೈಗೆ ದಾಟಿದರೆ ಯಾವ ದರಕ್ಕೆ ದಾಟಿತು ಎಂದು ಮಾಲೀಕನಿಗೆ ಬರಹದಲ್ಲಿ ತಿಳಿಸದ ಹೊರತು ಅದರ ಮೇಲೆ ದಾವೆ ನಡೆಯದಂತೆ ಮಾಡಿದರೆ, 28 ಲಕ್ಷದ ಎಷ್ಟು ಪಾಲು ಓಡಾಟದ್ದು, ಎಷ್ಟು ಪಾಲು ಮುಚ್ಚಿಟ್ಟದ್ದರದು ಎಂಬುದು ಮಾಲೀಕನ ಎದುರಿಗೇ ಇತ್ಯರ್ಥವಾಗುತ್ತದೆ.

ತೆಲಂಗಾಣದಲ್ಲಿ ಕೃಷಿ ಭೂಮಿಗೆ ತಹಸೀಲ್ದಾರರೇ ಜಂಟಿ ಸಬ್ ರಿಜಿಸ್ಟ್ರಾರ್. ಜಹೀರಾಬಾದ್, ನ್ಯಾಲಕಲ್, ನಾರಾಯಣಖೇಡದ ಕಚೇರಿಗಳಲ್ಲಿ ಕನ್ನಡ ಬಲ್ಲ ಒಬ್ಬ ನೌಕರನನ್ನು ಕೂರಿಸಿ, ಹೆಬ್ಬೆಟ್ಟು ಒತ್ತುವ ಮುಂಚೆ ಅಗ್ರಿಮೆಂಟನ್ನು ಮನೆಮಾತಿನಲ್ಲಿ ಓದಿ ಹೇಳಿಸಲು ಹೊಸ ಕಾನೂನೂ ಬೇಕಿಲ್ಲ, ಕಲೆಕ್ಟರರ ಒಂದು ಸುತ್ತೋಲೆ ಸಾಕು. "ಅವರು ಸೂಚಿಸಿದವರ ಹೆಸರಿಗೆ" ಎಂಬ ಸಾಲಿಗೆ ಬಂದಾಗ ಆ ನೌಕರ ಸ್ವಲ್ಪ ನಿಧಾನ ಮಾಡಲಿ. ಸಹಿ ಹಾಕಬೇಕಾದ ಹೆಣ್ಣುಮಕ್ಕಳನ್ನೂ ಆ ಹೊತ್ತಿಗೆ ಅಲ್ಲೇ ಕೂರಿಸಿಕೊಳ್ಳಲಿ.